53 ಬಾರ್ ಉಳಿಯುತ್ತದೆ ಅಂದ ಲೆಕ್ಕ: ದಹಾಬ್ ಬ್ಲೂ ಹೋಲ್‌ನ ಒಂದು ಡೈವ್ ಪ್ಲಾನ್

ಈಜಿಪ್ಟಿನ ಸಿನಾಯ್ ಕರಾವಳಿಯಲ್ಲಿ ದಹಾಬ್ ಅನ್ನುವ ಊರಿದೆ. ಅಲ್ಲಿಂದ ಸುಮಾರು 10 ಕಿಲೋಮೀಟರ್ ಉತ್ತರಕ್ಕೆ, ಕೆಂಪು ಸಮುದ್ರದ ದಡಕ್ಕೇ ಅಂಟಿಕೊಂಡಂತೆ ಬ್ಲೂ ಹೋಲ್ ಇದೆ. ಹವಳದ ದಿಬ್ಬದ ನಡುವೆ ಸುಮಾರು 100 ಮೀಟರ್ ಆಳದ ಗುಂಡಿ ಅದು. ಗುಂಡಿಯಿಂದ ಹೊರಗಿನ ಸಮುದ್ರಕ್ಕೆ ಹೋಗಲು ಎರಡು ದಾರಿ. ಒಂದು ಮೇಲ್ಗಡೆ, 6-7 ಮೀಟರ್ ಆಳದಲ್ಲಿ. ಇದಕ್ಕೆ ಸ್ಯಾಡಲ್ ಅಂತಾರೆ, ಯಾರು ಬೇಕಾದರೂ ಹೋಗಬಹುದು. ಇನ್ನೊಂದು ಕೆಳಗಡೆ. ಅಲ್ಲಿ ಬಂಡೆಯಲ್ಲಿ ಒಂದು ದೊಡ್ಡ ಕಮಾನು, ಅದರ ಚಾವಣಿಯೇ ಸುಮಾರು 55 ಮೀಟರ್ ಆಳದಲ್ಲಿದೆ. ಡೈವರ್‌ಗಳು ಅದನ್ನು ಆರ್ಚ್ ಅಂತಲೇ ಕರೆಯುತ್ತಾರೆ. ದಡದ ಬಂಡೆಗೆ ಹಚ್ಚಿದ ಫಲಕಗಳಲ್ಲಿ ಇಲ್ಲಿ ಪ್ರಾಣ ಬಿಟ್ಟವರ ಹೆಸರುಗಳಿವೆ.

ಈ ಆರ್ಚ್ ದಾಟಬೇಕು ಅಂತ ಕುಮಟಾ ಕಡೆಯ ಒಬ್ಬ ಹುಡುಗ ಪ್ಲಾನ್ ಮಾಡಿದ್ದ. ದುಬೈಯಲ್ಲಿ ಇಂಜಿನಿಯರ್. ಮೊದಲ ಡೈವ್ ಮಾಡಿದ್ದು ಮುರುಡೇಶ್ವರದ ಎದುರಿನ ನೇತ್ರಾಣಿಯಲ್ಲಿ. ಆಮೇಲೆ 40 ಮೀಟರ್‌ವರೆಗಿನ ಕೋರ್ಸ್ ಮುಗಿಸಿದ್ದ. ನೀರಿನಲ್ಲಿ ಸಮಾಧಾನದ ಮನುಷ್ಯ, ಉಸಿರಾಟವೂ ಚೆನ್ನಾಗಿದೆ. ಎಕ್ಸೆಲ್ ಶೀಟ್ ಒಂದನ್ನು ವಾಟ್ಸಾಪ್‌ನಲ್ಲಿ ಕಳಿಸಿ, "ಅಣ್ಣ, ಒಂದ್ಸಲ ನೋಡಿ ಹೇಳಿ. ಎಲ್ಲಾ ಲೆಕ್ಕ ಹಾಕಿದೀನಿ, ಕೊನೆಗೆ 53 ಬಾರ್ ಉಳಿಯುತ್ತೆ. ಕೋರ್ಸಲ್ಲೂ 50 ಬಾರ್ ಇಟ್ಕೊಂಡು ಮೇಲೆ ಬನ್ನಿ ಅಂತಾನೇ ಅಲ್ವಾ ಹೇಳಿದ್ದು?" ಅಂತ ಕೇಳಿದ. ಬಾರ್ ಅಂದರೆ ಒತ್ತಡದ ಅಳತೆ. ಸಿಲಿಂಡರಿನಲ್ಲಿ ಎಷ್ಟು ಗಾಳಿ ಉಳಿದಿದೆ ಅನ್ನುವುದನ್ನು ಗೇಜ್ ಅದರಲ್ಲೇ ತೋರಿಸುತ್ತದೆ.

ಆ ಶೀಟನ್ನು ಇಲ್ಲಿ ಪೂರ್ತಿ ಬಿಡಿಸಿ ಇಡುತ್ತೇನೆ. ಅದರಲ್ಲಿ ಕೂಡು-ಕಳೆಯುವ ತಪ್ಪು ಒಂದೂ ಇರಲಿಲ್ಲ. ಅದಕ್ಕೇ ಅದು ಅಪಾಯದ ಶೀಟ್.

ಅವನ ಹತ್ತಿರ ಇದ್ದದ್ದು ಎಲ್ಲಾ ಡೈವ್ ಸೆಂಟರ್‌ಗಳಲ್ಲೂ ಸಿಗುವ ಅಲ್ಯೂಮಿನಿಯಂ ಸಿಲಿಂಡರ್. ಒಳಗಿನ ಜಾಗ 11.1 ಲೀಟರ್. 200 ಬಾರ್ ತುಂಬಿಸಿದರೆ 11.1 × 200 = 2220 ಲೀಟರ್ ಗಾಳಿ. ಇದು ನೀರಿನ ಮೇಲೆ, ಮಾಮೂಲಿ ಒತ್ತಡದಲ್ಲಿ ಅಳೆದ ಲೀಟರ್.

ಮುಂದಿನ ಪ್ರಶ್ನೆ, ನಿಮಿಷಕ್ಕೆ ಎಷ್ಟು ಉಸಿರಾಡುತ್ತಾನೆ ಅನ್ನುವುದು. ಇದನ್ನು ಅವನು ಊಹಿಸಿ ಬರೆದಿರಲಿಲ್ಲ, ಅಳೆದಿದ್ದ. 15 ಮೀಟರ್ ಆಳದಲ್ಲಿ 10 ನಿಮಿಷ ಒಂದೇ ಮಟ್ಟದಲ್ಲಿ ಈಜಿ, ಮೊದಲು ಮತ್ತು ಆಮೇಲೆ ಗೇಜ್ ನೋಡಿ ಬರೆದುಕೊಂಡಿದ್ದ. 40 ಬಾರ್ ಇಳಿದಿತ್ತು. 40 × 11.1 ಅಂದರೆ 444 ಲೀಟರ್. ನಿಮಿಷಕ್ಕೆ 44.4. ನೀರಿನ ಮೇಲೆ ಒತ್ತಡ 1 ಬಾರ್, 15 ಮೀಟರಿನಲ್ಲಿ 2.5 ಬಾರ್. ಹಾಗಾಗಿ 2.5ರಿಂದ ಭಾಗಿಸಬೇಕು. ಸುಮಾರು 18 ಲೀಟರ್ ಬರುತ್ತದೆ. ಸ್ವಲ್ಪ ಜಾಸ್ತಿ ಇರಲಿ ಅಂತ 20 ಹಿಡಿದಿದ್ದ. ಈ ಕೆಲಸವನ್ನು ಇಷ್ಟು ಶಿಸ್ತಾಗಿ ಮಾಡುವವರು ಕಡಿಮೆ. ಅದಕ್ಕೆ ಅವನಿಗೆ ಪೂರ್ತಿ ಮಾರ್ಕ್ಸ್ ಕೊಡಬೇಕು.

ಆಳ ಹೆಚ್ಚಿದಂತೆ ಈ 20 ಲೀಟರ್ ಬೆಳೆಯುತ್ತಾ ಹೋಗುತ್ತದೆ. ಪ್ರತಿ 10 ಮೀಟರಿಗೆ ಒಂದು ಬಾರ್ ಒತ್ತಡ ಸೇರುತ್ತದೆ. ಬಾಯಲ್ಲಿ ಕಚ್ಚಿಕೊಂಡು ಉಸಿರಾಡುವ ರೆಗ್ಯುಲೇಟರ್ ನಮಗೆ ಗಾಳಿ ಕೊಡುವುದು ಸುತ್ತಲಿನ ನೀರಿನ ಒತ್ತಡದಲ್ಲೇ. ಹಾಗಾಗಿ ಅದೇ ಒಂದು ಉಸಿರಿಗೆ ಕೆಳಗೆ ಹೆಚ್ಚು ಗಾಳಿ ಹೋಗುತ್ತದೆ. ದೇವಿಮನೆ ಘಾಟಿ ಹತ್ತುವಾಗ ಬೈಕಿನ ಮೈಲೇಜ್ ಬೀಳುವ ಹಾಗೆ, ಇಲ್ಲಿ ಇಳಿಯುವಾಗ ಬೀಳುತ್ತದೆ. ಆರ್ಚ್ ಚಾವಣಿಯ ಕೆಳಗೆ 56 ಮೀಟರ್ ಅಂದುಕೊಳ್ಳಿ. ಒತ್ತಡ 6.6 ಬಾರ್. 20 × 6.6 = 132. ಅಂದರೆ ನಿಮಿಷಕ್ಕೆ 132 ಲೀಟರ್.

ಶೀಟಿನಲ್ಲಿ ಹೀಗಿತ್ತು. ಇಳಿಯಲು 3 ನಿಮಿಷ, ಸರಾಸರಿ ಒತ್ತಡ 3.8 ಬಾರ್, ಒಟ್ಟು 228 ಲೀಟರ್. ಆರ್ಚ್ ದಾಟಲು 5 ನಿಮಿಷ, 660 ಲೀಟರ್. 56ರಿಂದ 6 ಮೀಟರಿಗೆ ನಿಮಿಷಕ್ಕೆ 9 ಮೀಟರಿನಂತೆ ಏರಲು ಐದೂವರೆ ನಿಮಿಷ, ಸರಾಸರಿ 4.1 ಬಾರ್, 451 ಲೀಟರ್. ಆಮೇಲೆ, ಮೈಯಲ್ಲಿ ಸೇರಿದ ನೈಟ್ರೋಜನ್ ನಿಧಾನವಾಗಿ ಹೊರಹೋಗಲು 6 ಮತ್ತು 3 ಮೀಟರಿನಲ್ಲಿ ಒಟ್ಟು 10 ನಿಮಿಷ ನಿಲ್ಲುವುದು (ಡಿಕಂಪ್ರೆಶನ್ ನಿಲುಗಡೆ) ಅಂತ ಹಿಡಿದಿದ್ದ. ಅದಕ್ಕೆ 290 ಲೀಟರ್. ಒಟ್ಟು 1629. 2220ರಿಂದ ಕಳೆದರೆ 591 ಲೀಟರ್ ಉಳಿಯಿತು. 11.1ರಿಂದ ಭಾಗಿಸಿದರೆ 53 ಬಾರ್.

ಮೊದಲು ಈ 50 ಬಾರ್ ನಿಯಮವನ್ನೇ ಪರೀಕ್ಷೆ ಮಾಡೋಣ. ಅದು ಕೆಟ್ಟ ನಿಯಮವಲ್ಲ. ನೇತ್ರಾಣಿಯಲ್ಲಿ 15 ಮೀಟರಿನಲ್ಲಿ ಇದ್ದೀರಿ, ಜೊತೆಯವರ ಗಾಳಿ ನಿಂತುಹೋಯಿತು ಅಂತಿಟ್ಟುಕೊಳ್ಳಿ. ಈಗ ಇಬ್ಬರೂ ನಿಮ್ಮ ಟ್ಯಾಂಕಿನಿಂದಲೇ ಉಸಿರಾಡಬೇಕು. ಗಾಬರಿಯಲ್ಲಿ ಒಬ್ಬೊಬ್ಬರಿಗೆ ನಿಮಿಷಕ್ಕೆ 30 ಲೀಟರ್ ಹಿಡಿಯೋಣ, ಇಬ್ಬರಿಗೆ 60. ಪರಿಸ್ಥಿತಿ ಸರಿಮಾಡಿಕೊಳ್ಳಲು ಒಂದು ನಿಮಿಷ, 150 ಲೀಟರ್. ಮೇಲೆ ಏರಲು ಸುಮಾರು 178. 5 ಮೀಟರಿನಲ್ಲಿ 3 ನಿಮಿಷ ನಿಲ್ಲುವಷ್ಟರಲ್ಲಿ ಉಸಿರು ಸ್ವಲ್ಪ ಶಾಂತವಾಗಿರುತ್ತದೆ, ಇಬ್ಬರಿಗೆ 40ರಂತೆ 180. ಒಟ್ಟು 508 ಲೀಟರ್, ಅಂದರೆ 46 ಬಾರ್. ನೋಡಿ, 50 ಬಾರ್ ಅಲ್ಲಿಗೆ ಎಷ್ಟು ಸರಿಯಾಗಿ ಹೊಂದುತ್ತದೆ! ಆದರೆ ಅದು 15 ಮೀಟರಿನ ಉತ್ತರ. ನಮ್ಮ ಹುಡುಗ ಆ ಉತ್ತರವನ್ನು 56 ಮೀಟರಿನ ಪ್ರಶ್ನೆಗೆ ಬರೆದುಬಿಟ್ಟಿದ್ದ.

ಈಗ ಇದೇ ಲೆಕ್ಕವನ್ನು ಆರ್ಚ್ ಒಳಗೆ ಮಾಡೋಣ.

ಸುರಂಗದ ನಡುವೆ ಇದ್ದಾರೆ. ಅವನ ಪ್ಲಾನ್ ಪ್ರಕಾರ ಆಗ ಅವನ ಗೇಜ್ 150 ಬಾರ್ ತೋರಿಸುತ್ತಿರುತ್ತದೆ. ಮುಕ್ಕಾಲು ಟ್ಯಾಂಕ್ ಗಾಳಿ. ನೋಡಿದರೆ ಧೈರ್ಯ ಬರುವ ಸಂಖ್ಯೆ. ಆಗ ಜೊತೆಗಾರ ಕೈಯನ್ನು ಕುತ್ತಿಗೆಗೆ ಅಡ್ಡ ಹಿಡಿದು, ಗಾಳಿ ಇಲ್ಲ ಅನ್ನುವ ಸನ್ನೆ ಮಾಡುತ್ತಾನೆ. ನೇರ ಮೇಲೆ ಹೋಗಲು ಆಗುವುದಿಲ್ಲ, ತಲೆಯ ಮೇಲೆ ಬಂಡೆ ಇದೆ. ಎರಡನೇ ರೆಗ್ಯುಲೇಟರ್ ಕೊಟ್ಟು, ಅವನ ಕಣ್ಣು ನೋಡಿ, ಉಸಿರು ಒಂದು ಹದಕ್ಕೆ ಬರಲು ಒಂದು ನಿಮಿಷ. ಒಬ್ಬರನ್ನೊಬ್ಬರು ಹಿಡಿದುಕೊಂಡು ಸುರಂಗದಿಂದ ಹೊರಗೆ ಬರಲು ಎರಡು ನಿಮಿಷ. ಈ ಮೂರು ನಿಮಿಷಕ್ಕೆ 60 × 6.6 × 3 = 1188 ಲೀಟರ್. ನಿಮಿಷಕ್ಕೆ 396 ಲೀಟರ್ ಹೋಗುತ್ತಿದೆ ಅಂದರೆ ಆ ಸಿಲಿಂಡರಿನಲ್ಲಿ ನಿಮಿಷಕ್ಕೆ ಸುಮಾರು 36 ಬಾರ್. ಗೇಜಿನ ಮುಳ್ಳು ಇಳಿಯುವುದು ಕಣ್ಣಿಗೇ ಕಾಣಿಸುತ್ತದೆ. ತುಂಬಿದ ಟ್ಯಾಂಕೇ ಆಗಿದ್ದರೂ ಆ ಆಳದಲ್ಲಿ ಇಬ್ಬರಿಗೆ ಆರು ನಿಮಿಷ ಬರುವುದಿಲ್ಲ.

ಆಮೇಲೆ ಏರುವುದು: 60 × 4.1 × 5.5 = 1353 ಲೀಟರ್. ಮೇಲಿನ 10 ನಿಮಿಷದ ನಿಲುಗಡೆಗೆ, ಉಸಿರು ಶಾಂತವಾದ ಮೇಲೆ ಇಬ್ಬರಿಗೆ 40ರಂತೆ, 580. ಎಲ್ಲಾ ಸೇರಿ 3121 ಲೀಟರ್. ಅವನ ಟ್ಯಾಂಕ್ ತುಂಬಿದಾಗಲೇ ಇರುವುದು 2220!

ಈ ಪ್ರಕರಣದ ಮುಖ್ಯ ಮಾತು ಇಷ್ಟೇ. ಅವನು ಒಂದೂ ಉಸಿರು ತೆಗೆದುಕೊಳ್ಳದೆ, ತುಂಬಿದ ಟ್ಯಾಂಕಿನ ಜೊತೆ ಆರ್ಚ್ ಒಳಗೆ ಪ್ರತ್ಯಕ್ಷನಾದರೂ ಇಬ್ಬರನ್ನು ಮೇಲೆ ತರುವಷ್ಟು ಗಾಳಿ ಅದರಲ್ಲಿ ಇಲ್ಲ. ನಿಲುಗಡೆಗಳನ್ನೆಲ್ಲ ಬಿಟ್ಟು ನೇರ ಮೇಲೆ ಬಂದರೂ 2541 ಬೇಕು, ಆಗಲೂ ಸಾಲದು. ವಾಸ್ತವದಲ್ಲಿ ಸುರಂಗದ ನಡುವೆ ಇರುವುದು 1662 ಲೀಟರ್. ಹೊರಗೆ ಬರುವಷ್ಟರಲ್ಲಿ 474 ಉಳಿಯುತ್ತದೆ. ಅಲ್ಲಿಂದ ಏರಲು ಶುರು ಮಾಡಿದರೆ 44 ಮೀಟರಿನ ಹತ್ತಿರ ಟ್ಯಾಂಕ್ ಖಾಲಿ. ಇಬ್ಬರಿಗೂ.

ಇದನ್ನು ಬರೆದು ಕಳಿಸಿದೆ. ಅವನು ಸುಮ್ಮನೆ ಒಪ್ಪುವವನಲ್ಲ, ಒಪ್ಪಲೂಬಾರದು. "ಸರಿ ಅಣ್ಣ, ಆದ್ರೆ ನಾನು 150ರಲ್ಲಿ ಇರುವಾಗ ಜೊತೆಗಾರನ ಟ್ಯಾಂಕಲ್ಲೂ ಅಷ್ಟೇ ಇರುತ್ತಲ್ಲ. ಅವನದ್ದು ಇದ್ದಕ್ಕಿದ್ದ ಹಾಗೆ ಯಾಕೆ ಖಾಲಿ ಆಗುತ್ತೆ?"

ನ್ಯಾಯವಾದ ಪ್ರಶ್ನೆ. ಗಾಳಿ ಸೋರದಂತೆ ತಡೆಯುವ ರಬ್ಬರ್ ಬಳೆ, ಓ-ರಿಂಗ್, ಹರಿಯಬಹುದು, ರೆಗ್ಯುಲೇಟರ್ ಬಾಯಿ ತೆರೆದುಕೊಂಡು ಗಾಳಿ ಸುರಿಯಬಹುದು. ಇವು ಅಪರೂಪ, ನಿಜ. ಆದರೆ ಯಾವ ಉಪಕರಣವೂ ಕೆಡಬೇಕಾಗಿಲ್ಲ. ಜೊತೆಗಾರ ಯಾರು ಅಂತ ನೋಡಿ. ದಹಾಬ್‌ನಲ್ಲಿ ಪರಿಚಯವಾದ ಇನ್ನೊಬ್ಬ, ನಿಮಿಷಕ್ಕೆ ಎಷ್ಟು ಉಸಿರಾಡುತ್ತಾನೆ ಅಂತ ಯಾರೂ ಅಳೆದಿಲ್ಲ. 25 ಲೀಟರ್ ಅಂದುಕೊಳ್ಳಿ, ಅದು ತೀರಾ ಸಾಮಾನ್ಯ. ಅದೇ ಪ್ಲಾನಿಗೆ ಅವನಿಗೆ ಸುಮಾರು 2036 ಲೀಟರ್ ಬೇಕು. ಏನೂ ತೊಂದರೆ ಆಗದೆ ಎಲ್ಲವೂ ಶೀಟಿನ ಪ್ರಕಾರ ನಡೆದರೂ ಅವನು ಮೇಲೆ ಬರುವುದು 16-17 ಬಾರ್‌ನಲ್ಲಿ. ಇಬ್ಬರ ಡೈವಿಗೆ ಒಬ್ಬನ ಉಸಿರಿನ ಲೆಕ್ಕ ಹಾಕಿದ್ದು ಶೀಟಿನ ಎರಡನೇ ಕೊರತೆ.

ಮತ್ತೆ ಈ ಆರ್ಚ್ ಇರುವುದೇ ಪ್ಲಾನ್ ಕೆಡಿಸುವ ಹಾಗೆ. ಅದರ ಬಾಯಿ ಓರೆಯಾಗಿದೆ. ಮೇಲಿನಿಂದ ಇಳಿಯುವವರಿಗೆ ಸುಲಭವಾಗಿ ಕಾಣುವುದಿಲ್ಲ. ಇನ್ನೂ ಕೆಳಗಿರಬೇಕು ಅಂತ ಇಳಿಯುತ್ತಲೇ ಹೋದವರಿದ್ದಾರೆ. ಒಳಗೆ ಹೊಕ್ಕ ಮೇಲೆ ಆಚೆ ಕಡೆಯ ನೀಲಿ ಬೆಳಕು ಹತ್ತಿರದಲ್ಲೇ ಇದೆ ಅನಿಸುತ್ತದೆ. 10 ಮೀಟರ್ ಕೂಡ ಇಲ್ಲ ಅಂದುಕೊಳ್ಳುತ್ತಾರೆ, ಅಳೆದಿರುವ ಉದ್ದ 26 ಮೀಟರ್. ಎಷ್ಟೋ ಸಲ ಸಮುದ್ರದಿಂದ ಒಳಗೆ ಹರಿವು ಬರುತ್ತಿರುತ್ತದೆ. ಕಾಲಿನ ಫಿನ್ ಎಷ್ಟು ಬಡಿದರೂ ಬೆಳಕು ಹತ್ತಿರ ಬರುವುದಿಲ್ಲ. ಉಸಿರು ಏರುತ್ತದೆ. ಕೆಳಗೆ ನೋಡಿದರೆ ನೆಲ ಕಾಣುವುದಿಲ್ಲ, ಹಾಗಾಗಿ ತಾನು ಇಳಿಯುತ್ತಿದ್ದೇನೆ ಅಂತಲೂ ಗೊತ್ತಾಗುವುದಿಲ್ಲ. ಬಾಯಿ ಹುಡುಕುತ್ತಾ 65 ಮೀಟರಿನಲ್ಲಿ ಬರೀ ಎರಡು ನಿಮಿಷ ಕಳೆದರೆ 20 × 7.5 × 2 = 300 ಲೀಟರ್, 27 ಬಾರ್. ಉಳಿಯುತ್ತದೆ ಅಂದ 53ರಲ್ಲಿ ಅರ್ಧ ಅಲ್ಲಿಗೇ ಹೋಯಿತು. 25 ಲೀಟರ್ ಉಸಿರಾಡುವ ಜೊತೆಗಾರನಿಗೆ ಈ ಎರಡು ನಿಮಿಷಕ್ಕೆ 375 ಲೀಟರ್ ಬೇಕು. ಅವನ ಹತ್ತಿರ ಒಟ್ಟು ಉಳಿಯಬೇಕಾಗಿದ್ದದ್ದೇ 184.

ಗಾಬರಿಗೆ 30 ಲೀಟರ್ ಹಿಡಿದದ್ದು ಜಾಸ್ತಿ ಆಯಿತು ಅಂತ ಕೆಲವರಿಗೆ ಅನಿಸಬಹುದು. ನನಗೆ ಅದು ಕಡಿಮೆಯೇ ಅನಿಸುತ್ತದೆ. 56 ಮೀಟರಿನಲ್ಲಿ ಗಾಳಿ ದಪ್ಪಗಾಗಿರುತ್ತದೆ, ಲೀಟರಿಗೆ 8 ಗ್ರಾಂಗಿಂತ ಹೆಚ್ಚು. ಡೈವಿಂಗ್ ವೈದ್ಯರು ಮತ್ತು ಸಂಶೋಧಕರು ಕೊಡುವ ಸಲಹೆ 5.2 ಗ್ರಾಂ ಒಳಗೆ ಇರಿ, 6.2 ಯಾವ ಕಾರಣಕ್ಕೂ ದಾಟಬೇಡಿ ಅಂತ. ಬರೀ ಗಾಳಿಯಲ್ಲಿ ಡೈವ್ ಮಾಡಿದರೆ ಈ 6.2 ಬರುವುದು 40 ಮೀಟರಿಗೆ ಸ್ವಲ್ಪ ಮೊದಲೇ. ದಪ್ಪ ಗಾಳಿಯನ್ನು ಎಳೆದು ಹೊರಗೆ ಬಿಡಲು ಎದೆಗೆ ಹೆಚ್ಚು ಶ್ರಮ. ಶ್ರಮಪಟ್ಟಷ್ಟೂ ಇಂಗಾಲದ ಡೈಆಕ್ಸೈಡ್ ಒಳಗೇ ಉಳಿಯುತ್ತದೆ. ಅದು ಉಳಿದಷ್ಟೂ ಉಸಿರು ಸಾಲುತ್ತಿಲ್ಲ ಅನಿಸುತ್ತದೆ. ಆಗ ಮನುಷ್ಯ ಇನ್ನೂ ಜೋರಾಗಿ ಎಳೆಯುತ್ತಾನೆ. ಇದರ ಮೇಲೆ ನೈಟ್ರೋಜನ್ ಅಮಲು ಬೇರೆ, ಆಳದ ಒತ್ತಡದಲ್ಲಿ ಗಾಳಿಯ ನೈಟ್ರೋಜನ್ನೇ ಕುಡಿದವರಂತೆ ಮತ್ತೇರಿಸುತ್ತದೆ. ಅಮಲಿನಲ್ಲಿ ಇರುವವರು ಗೇಜ್ ನೋಡುತ್ತಾರೆ, ಸಂಖ್ಯೆ ಓದುತ್ತಾರೆ, ಅದರ ಅರ್ಥ ಮಾತ್ರ ತಲೆಗೆ ಹೋಗುವುದಿಲ್ಲ. ಆಮ್ಲಜನಕದ ಒತ್ತಡವೂ 0.21 × 6.6, ಅಂದರೆ ಸುಮಾರು 1.4 ಬಾರ್. ಕೆಲಸ ಮಾಡುವ ಡೈವರಿಗೆ ಇಟ್ಟಿರುವ ಮಿತಿಯೇ ಅದು. ಆರ್ಚ್ ಬಾಯಿ ಸಿಗದೆ ಇನ್ನೂ ಕೆಳಗೆ ಹೋದರೆ ಮಿತಿ ಮೀರುತ್ತದೆ, ಫಿಟ್ಸ್ ಬರುವ ಭಯ ಇದೆ.

ಇನ್ನೊಂದು ಸಣ್ಣ ವಿಷಯ. 200 ಬಾರ್ ಅನ್ನುವುದೇ ಗಟ್ಟಿ ಸಂಖ್ಯೆಯಲ್ಲ. ಸಿನಾಯ್ ಬಿಸಿಲಿನಲ್ಲಿ ಜೀಪಿನ ಹಿಂದೆ ಕೂತ ಸಿಲಿಂಡರ್ 45 ಡಿಗ್ರಿಗೆ ಕಾದಿರಬಹುದು. ಅದೇ 25 ಡಿಗ್ರಿ ನೀರಿಗೆ ಇಳಿದರೆ ಗೇಜ್ 187ಕ್ಕೆ ಬರುತ್ತದೆ. ಗಾಳಿ ಎಲ್ಲೂ ಸೋರಿಲ್ಲ. ಬಿಸಿಯಲ್ಲಿ ನೋಡಿದ ಸಂಖ್ಯೆ ಹೆಚ್ಚಾಗಿತ್ತು, ಅಷ್ಟೇ. ಶೀಟಿನ ಮೊದಲ ಸಾಲಿನಲ್ಲೇ 140 ಲೀಟರಿಗಿಂತ ಹೆಚ್ಚು ಹೋಯಿತು. ಲೆಕ್ಕವನ್ನು ದಡದ ಗೇಜಿನಿಂದ ಶುರು ಮಾಡಬಾರದು. ನೀರಿಗಿಳಿದು ಸಿಲಿಂಡರ್ ತಣ್ಣಗಾದ ಮೇಲೆ ನೋಡಿದ ಸಂಖ್ಯೆಯಿಂದ ಮಾಡಬೇಕು.

ಅವನು ಕೊನೆಗೆ ಹೇಳಿದ್ದು, "ಹಾಗಾದ್ರೆ ಮೂರನೇ ಒಂದು ಭಾಗ ಉಳಿಸ್ತೀನಿ." ಗುಹೆ ಡೈವರ್‌ಗಳ ಹಳೆಯ ನಿಯಮ ಇದು: ಒಂದು ಪಾಲು ಒಳಗೆ ಹೋಗಲು, ಒಂದು ಪಾಲು ಹೊರಗೆ ಬರಲು, ಒಂದು ಪಾಲು ಜೊತೆಗಾರನಿಗೆ. ಅಮೆರಿಕದ ಶೆಕ್ ಎಕ್ಸ್‌ಲಿ ಗುಹೆಗಳ ಸಾವುಗಳನ್ನು ಒಂದೊಂದಾಗಿ ಅಧ್ಯಯನ ಮಾಡಿ 1970ರ ದಶಕದಲ್ಲಿ ಇದನ್ನು ಎಲ್ಲರಿಗೂ ಕಲಿಸಿದರು. ಅದ್ಭುತವಾದ ನಿಯಮ. ಆದರೆ ಒಳಗೆ ಹೋಗುವ ಮತ್ತು ಹೊರಗೆ ಬರುವ ದಾರಿ ಹೆಚ್ಚುಕಡಿಮೆ ಒಂದೇ ಆಳದಲ್ಲಿದ್ದಾಗ ಅದು ಹೊಂದುತ್ತದೆ. ಇಲ್ಲಿ ಒಂದು ಪಾಲು ಅಂದರೆ 740 ಲೀಟರ್. ಬೇಕಾಗಿರುವುದು 3121. ಆಳದ ಡೈವಿನಲ್ಲಿ ಭಾಗ ಹಾಕಿ ಉಳಿಸುವುದಕ್ಕಿಂತ ಮೊದಲು, ಅತಿ ಕೆಟ್ಟ ಜಾಗದಿಂದ ಇಬ್ಬರು ಮೇಲೆ ಬರಲು ಎಷ್ಟು ಬೇಕು ಅಂತ ತೆಗೆದಿಡಬೇಕು. ಅದನ್ನು ಮಿನಿಮಮ್ ಗ್ಯಾಸ್ ಅನ್ನುತ್ತಾರೆ. ಅದು ನಮ್ಮ ಗಾಳಿಯೇ ಅಲ್ಲ. ಅದನ್ನು ಕಳೆದು ಮಿಕ್ಕಿದ್ದರಲ್ಲಿ ಡೈವ್.

ಎಕ್ಸ್‌ಲಿ ಅವರೇ 1994ರ ಏಪ್ರಿಲ್ 6ರಂದು ಮೆಕ್ಸಿಕೋದ ಝಕಟೋನ್ ಗುಂಡಿಯಲ್ಲಿ 1000 ಅಡಿ ದಾಟುವ ಪ್ರಯತ್ನದಲ್ಲಿ ತೀರಿಕೊಂಡರು. ಅದೇ ಹೊತ್ತಿಗೆ ಇನ್ನೊಂದು ಹಗ್ಗದ ಮೇಲೆ ಇಳಿಯುತ್ತಿದ್ದ ಜಿಮ್ ಬೌಡನ್ ಗಾಳಿ ಅಂದುಕೊಂಡದ್ದಕ್ಕಿಂತ ಕಡಿಮೆ ಇರುವುದನ್ನು ನೋಡಿ 925 ಅಡಿಯಲ್ಲಿ ತಿರುಗಿ ಬದುಕಿದರು. ಅಷ್ಟು ದೊಡ್ಡವರ ಪ್ಲಾನುಗಳೇ ನೀರಿನಲ್ಲಿ ಬದಲಾಗುತ್ತವೆ. ಎಲ್ಲಿ ತಿರುಗಬೇಕು ಅನ್ನುವ ಸಂಖ್ಯೆ ಮೊದಲೇ ಬರೆದಿಟ್ಟಿರಬೇಕು ಅಂತ ನಾನು ಹಟ ಹಿಡಿಯುವುದು ಇದಕ್ಕೇ.

ಹಾಗಾದರೆ ಆರ್ಚ್ ದಾಟುವವರು ಹೇಗೆ ದಾಟುತ್ತಾರೆ? ಅದೇ ಮೂರು ನಿಮಿಷ, ಅದೇ 60 ಲೀಟರ್ ಇಟ್ಟುಕೊಂಡು ಸರಿಯಾದ ಸಾಮಾನಿನ ಜೊತೆ ಲೆಕ್ಕ ಹಾಕೋಣ. ಬೆನ್ನಿಗೆ ಒಂದಕ್ಕೊಂದು ಜೋಡಿಸಿದ ಎರಡು 12 ಲೀಟರ್ ಸಿಲಿಂಡರ್, 200 ಬಾರ್, ಒಟ್ಟು 4800 ಲೀಟರ್. ಒಳಗೆ ಟ್ರೈಮಿಕ್ಸ್: 18 ಭಾಗ ಆಮ್ಲಜನಕ, 45 ಭಾಗ ಹೀಲಿಯಂ, ಉಳಿದದ್ದು ನೈಟ್ರೋಜನ್. 56 ಮೀಟರಿನಲ್ಲಿ ಅದರ ಸಾಂದ್ರತೆ ಲೀಟರಿಗೆ ಸುಮಾರು 5.3 ಗ್ರಾಂ, ಸಲಹೆಯ 5.2ರ ಹತ್ತಿರ. ಅಮಲು ತುಂಬಾ ಕಡಿಮೆ. ಹೀಲಿಯಂ ಇದ್ದರೆ ಗಾಳಿ ಉಳಿತಾಯ ಆಗುತ್ತದೆ ಅಂತ ಕೆಲವರು ತಿಳಿದಿದ್ದಾರೆ, ಇಲ್ಲ. ಲೀಟರ್ ಲೆಕ್ಕ ಅದೇ. ತಲೆ ನೆಟ್ಟಗಿರುತ್ತದೆ, ಉಸಿರಾಟ ಸುಲಭ. ಪಕ್ಕಕ್ಕೆ ನೇತುಹಾಕಿದ ಇನ್ನೊಂದು ಸಿಲಿಂಡರಿನಲ್ಲಿ 50 ಪರ್ಸೆಂಟ್ ಆಮ್ಲಜನಕದ ನೈಟ್ರಾಕ್ಸ್, ಅಂದರೆ ಆಮ್ಲಜನಕ ಹೆಚ್ಚಿರುವ ಗಾಳಿ. ಮೇಲೆ ಬರುವಾಗ 21 ಮೀಟರಿನಲ್ಲಿ ಅದಕ್ಕೆ ಬದಲಾಯಿಸುತ್ತಾರೆ.

ಹಾಗಾಗಿ ಬೆನ್ನಿನ ಗ್ಯಾಸ್ ಇಬ್ಬರನ್ನು 21 ಮೀಟರ್‌ವರೆಗೆ ತಂದರೆ ಸಾಕು. ಕೆಳಗೆ ಮೂರು ನಿಮಿಷಕ್ಕೆ 1188. 56ರಿಂದ 21ಕ್ಕೆ ನಾಲ್ಕು ನಿಮಿಷ, ಸರಾಸರಿ 4.85 ಬಾರ್, 60 × 4.85 × 4 = 1164. ಒಟ್ಟು 2352. 24 ಲೀಟರಿನಿಂದ ಭಾಗಿಸಿದರೆ 98 ಬಾರ್, 100 ಅಂತ ಇಟ್ಟುಕೊಳ್ಳಿ. ಆರ್ಚ್ ದಾಟಲು 660 ಲೀಟರ್ ಅಂದರೆ 28 ಬಾರ್. ಆದ್ದರಿಂದ ಆರ್ಚ್ ಬಾಯಿಯಲ್ಲಿ ನಿಂತಾಗ ಇಬ್ಬರಲ್ಲಿ ಯಾರ ಗೇಜ್ 130ಕ್ಕಿಂತ ಕಡಿಮೆ ಇದ್ದರೂ ಇಬ್ಬರೂ ಒಳಗೆ ಹೋಗುವಂತಿಲ್ಲ. ಮಾಮೂಲಿ ಇಳಿದರೆ ಅಲ್ಲಿಗೆ ತಲುಪುವಾಗ ಸುಮಾರು 190 ಇರುತ್ತದೆ. ಬಾಯಿ ಹುಡುಕಲು ತಡವಾದರೂ, ಹರಿವು ಎದುರಾದರೂ, ಸಿಲಿಂಡರ್ ತಣ್ಣಗಾಗಿ ಸ್ವಲ್ಪ ಇಳಿದರೂ ತಾಳಿಕೊಳ್ಳುವ ಜಾಗ ಇದೆ. ಡಿಕಂಪ್ರೆಶನ್ ನಿಲುಗಡೆಯ ಸಮಯವನ್ನು ಮಾತ್ರ ಕೈಲೆಕ್ಕದಲ್ಲಿ ಊಹಿಸಬಾರದು. ಅದು ಸಾಫ್ಟ್‌ವೇರ್ ಕೊಡಬೇಕಾದ ಸಂಖ್ಯೆ. ಅದಕ್ಕೆ ಬೇಕಾದ ನೈಟ್ರಾಕ್ಸ್‌ನ ಒಂದೂವರೆ ಪಟ್ಟು ಒಯ್ಯಿರಿ.

ಇದೆಲ್ಲ ಓದಿ ಅವನು ಎರಡು ದಿನ ಸುಮ್ಮನಿದ್ದ. ಆಮೇಲೆ ಹೊಸ ಶೀಟ್ ಬಂತು. ಎಲ್ ಬೆಲ್ಸ್ ಅನ್ನುವ ಕಿರಿದಾದ ಬಂಡೆಯ ಕೊಳವೆಯಿಂದ ಇಳಿದು, 28 ಮೀಟರಿನಲ್ಲಿ ಹೊರಬಂದು, ಹವಳದ ಗೋಡೆಯ ಪಕ್ಕ ಈಜಿ, ಸ್ಯಾಡಲ್ ಮೂಲಕ ಬ್ಲೂ ಹೋಲ್ ಒಳಗೆ ಬರುವ ಡೈವ್. ಅವನ ಕೋರ್ಸಿನ ಮಿತಿಯೊಳಗೆ ಇದೆ. ಈ ಸಲ ಮೊದಲ ಸಾಲಿನಲ್ಲಿ ಮಿನಿಮಮ್ ಗ್ಯಾಸ್ ಇತ್ತು. 28 ಮೀಟರಿನಲ್ಲಿ ಒಂದು ನಿಮಿಷ 228, ಏರಲು 413, ನಿಲುಗಡೆಗೆ 180, ಒಟ್ಟು 821 ಲೀಟರ್, 74 ಬಾರ್. 80 ಅಂತ ಬರೆದು ಕೆಂಪು ಬಣ್ಣ ಹಚ್ಚಿದ್ದ. ಆ ಗೋಡೆಯ ಪಕ್ಕ ಇರುವಾಗ 80 ಬಂದರೆ ಎಲ್ಲಿದ್ದರೂ ಏರಲು ಶುರು. ಪಕ್ಕದ ಕಾಲಂನಲ್ಲಿ ಜೊತೆಗಾರನ ಹೆಸರು, ಅವನ ಉಸಿರಿನ ಜಾಗ ಖಾಲಿ. "ಅಲ್ಲಿ ಹೋದ ಮೊದಲ ದಿನ ಇಬ್ಬರೂ ಅಳೀತೀವಿ ಅಣ್ಣ, ಆಮೇಲೆ ತುಂಬ್ತೀನಿ" ಅಂದ.

ಆರ್ಚ್ ಆಸೆ ಬಿಡು ಅಂತ ನಾನು ಹೇಳಲಿಲ್ಲ. ಮೊದಲು ಡಬಲ್ ಸಿಲಿಂಡರಿನಲ್ಲಿ ಅಭ್ಯಾಸ, ಆಮೇಲೆ ಡಿಕಂಪ್ರೆಶನ್ ಕೋರ್ಸ್, ಆಮೇಲೆ 60 ಮೀಟರಿನ ಟ್ರೈಮಿಕ್ಸ್ ಕೋರ್ಸ್. ಬಹಳ ಖರ್ಚಿನ ದಾರಿ. ಅವಸರ ಮಾಡದಿದ್ದರೆ ಎರಡು-ಮೂರು ವರ್ಷ ಬೇಕು. ಇಲ್ಲಿ ಓದಿ ಲೆಕ್ಕ ಅರ್ಥವಾದವರಿಗೂ ನನ್ನ ಮಾತು ಇದೇ. 20 ಮತ್ತು 30 ಲೀಟರ್ ಅವನ ಡೈವಿಗೆ ಹಿಡಿದ ಸಂಖ್ಯೆಗಳು. ನಿಮ್ಮದನ್ನು 15 ಮೀಟರಿನಲ್ಲಿ ನೀವೇ ಅಳೆಯಿರಿ, ಜೊತೆಗೆ ಇಳಿಯುವವರದ್ದನ್ನೂ ಅಳೆಯಿರಿ. ಇಬ್ಬರಲ್ಲಿ ಯಾರದ್ದು ಹೆಚ್ಚೋ ಅದನ್ನೇ ಶೀಟಿಗೆ ಹಾಕಿ.